ಮೈ ಒಂದೇ, ತಲೆ ಹಲವು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ತಂಗಿಯ ಮಗನ ಬಳಿ ಎರಡು ಜಿ.ಐ. ಜೋ ಗೊಂಬೆಗಳಿದ್ದವು. ಎಂಆರ್‌ಎಫ್ ಬಳಗದ ಫನ್‌ಸ್ಕೂಲ್ ಕಂಪೆನಿ ಅಮೆರಿಕದ ಹ್ಯಾಸ್ಬ್ರೋದ ಒಪ್ಪಂದದಲ್ಲಿ ಭಾರತದಲ್ಲಿ ತಯಾರಿಸುತ್ತಿದ್ದ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಪುಟ್ಟ ಸೈನಿಕರು. ಒಂದು ಸಂಜೆ ಆತ ಅಳುಮುಖ ಮಾಡಿಕೊಂಡು ಬಂದ. "ಮಾಮ, ಇವನ ಸೊಂಟ ಹೋಯ್ತು." ನೋಡಿದರೆ ಸೈನಿಕ ಎರಡು ತುಂಡಾಗಿದ್ದ. ಬೆನ್ನಿನ ಸಣ್ಣ ಸ್ಕ್ರೂ ಬಿಚ್ಚಿದೆ. ಕಡಲೆಕಾಯಿ ಸಿಪ್ಪೆ ಬಿರಿದಂತೆ ಎದೆ ಮತ್ತು ಬೆನ್ನು ಬೇರೆಯಾದವು. ಕಾಲುಗಳನ್ನು ಮೈಗೆ ಎಳೆದು ಹಿಡಿದಿದ್ದ ಕಪ್ಪು ರಬ್ಬರ್ ಉಂಗುರ ಹರಿದಿತ್ತು. ಅದರ ಜೊತೆ ತಲೆಯೂ ಕಳಚಿ ಮೇಜಿನ ಮೇಲೆ ಉರುಳಿತು. ಅದನ್ನು ಯಾವ ಅಂಟೂ ಹಿಡಿದಿರಲಿಲ್ಲ. ಎದೆ ಬೆನ್ನುಗಳ ನಡುವಿನ ಗುಳಿಯಲ್ಲಿ ಒಂದು ಗುಂಡಿನಂತೆ ಸುಮ್ಮನೆ ಕೂತಿತ್ತು.

ಜೋಡಣೆ ಹೇಗೆಂದು ತಿಳಿಯಲು ಎರಡನೆಯವನನ್ನೂ ಬಿಚ್ಚಿದೆ. ಅಂಗಡಿಯಿಂದ ತಂದ ನಲ್ಲಿಯ ವಾಷರ್ ಹಾಕಿ ಇಬ್ಬರನ್ನೂ ಎದ್ದು ನಿಲ್ಲಿಸಿದಾಗ ಹುಡುಗ ಕಿಲಕಿಲ ನಕ್ಕ. "ಮಾಮ, ತಲೆ ಅದಲು ಬದಲಾಗಿದೆ." ಮತ್ತೆ ಬಿಚ್ಚಿ ಸರಿ ಮಾಡಲೇ ಎಂದು ಕೇಳಿದೆ. "ಬೇಡ, ಹೀಗೇ ಇರಲಿ. ಇನ್ನು ಇವನ ಕೆಲಸ ಅವನು ಮಾಡ್ತಾನೆ" ಎಂದ.

ನಾನು ಕೈತಪ್ಪಿ ಮಾಡಿದ್ದನ್ನು ಬೇಕೆಂದೇ ಮಾಡುವ ಜನರ ಒಂದು ಲೋಕವೇ ಇದೆ ಎಂಬುದು ತಿಳಿದದ್ದು ಆಮೇಲೆ. ಅಮೆರಿಕ, ಬ್ರಿಟನ್, ಜಪಾನ್, ಹಾಂಗ್‌ಕಾಂಗ್‌ಗಳಲ್ಲಿ ದೊಡ್ಡವರೇ ಕೂತು ಗೊಂಬೆಯ ತಲೆ ತೆಗೆಯುತ್ತಾರೆ, ಬೇರೊಂದನ್ನು ಕೂರಿಸುತ್ತಾರೆ, ಬಣ್ಣ ಬಳಿದು ಹೊಸ ವ್ಯಕ್ತಿಯನ್ನು ಸೃಷ್ಟಿಸುತ್ತಾರೆ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಇದಕ್ಕೊಂದು ಕೈಕಸುಬಿನ ಶಿಸ್ತಿದೆ. ದೊಡ್ಡ ಗೊಂಬೆಗಳ ತಲೆ ಸಾಮಾನ್ಯವಾಗಿ ಮೆತ್ತನೆಯ ವಿನೈಲ್‌ನದು. ಕತ್ತಿನ ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಗೂಟವೋ ಗುಂಡೋ ಇರುತ್ತದೆ. ತಣ್ಣಗಿರುವಾಗ ಎಳೆದರೆ ಗೂಟ ಮುರಿದು ತಲೆಯೊಳಗೇ ಉಳಿಯುತ್ತದೆ. ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ, ಇಲ್ಲವೇ ಕೂದಲು ಒಣಗಿಸುವ ಯಂತ್ರದ ಗಾಳಿ ಹಿಡಿದರೆ ವಿನೈಲ್ ಸಡಿಲಗೊಂಡು ತಲೆ ಸಲೀಸಾಗಿ ಹೊರಬರುತ್ತದೆ. ಹೊಸ ತಲೆಯ ತೂತು ಸಣ್ಣದಿದ್ದರೆ ಕೊರೆಯಬೇಕು, ದೊಡ್ಡದಿದ್ದರೆ ಎಂಸೀಲ್‌ನಂಥ ಪುಟ್ಟಿ ತುಂಬಬೇಕು.

ಇಷ್ಟು ಕೆಲಸ ಯಾರೂ ಕಲಿಯಬಹುದು. ಒಳ್ಳೆಯ ಕೆಲಸಗಾರ ಯಾರೆಂದು ತಿಳಿಯಬೇಕಾದರೆ ಕತ್ತನ್ನು ನೋಡಬೇಕು. ತಲೆಯ ಬಣ್ಣಕ್ಕೂ ಮೈಬಣ್ಣಕ್ಕೂ ಹೊಂದಿಕೆಯಾಗದೆ ಮುಖ ಗೋಧಿಬಣ್ಣ, ಎದೆ ಗುಲಾಬಿ ಆಗಿರುವುದು ಬಹುಪಾಲು ಕೆಲಸಗಳ ದೋಷ. ಇನ್ನು ಕೆಲವರು ತಮಗೆ ಮೆಚ್ಚಾದ ನಟನ ಮುಖ ಸಿಕ್ಕಿತೆಂಬ ಉತ್ಸಾಹದಲ್ಲಿ ಅಳತೆಯನ್ನೇ ಮರೆತು, ಸಣ್ಣ ಮೈಯ ಮೇಲೆ ಕುಂಬಳಕಾಯಿಯಂತಹ ತಲೆ ಇಡುತ್ತಾರೆ. ಕೊರಳಪಟ್ಟಿ ಏರಿಸಿ, ಶಾಲು ಸುತ್ತಿ ಕತ್ತನ್ನು ಮುಚ್ಚಿಬಿಡುವವರೂ ಇದ್ದಾರೆ. ನನಗೆ ಇಷ್ಟವಾಗುವುದು ಕತ್ತನ್ನು ಬಿಟ್ಟು ತೋರಿಸುವವರ ಕೆಲಸ.

ಕಂಪೆನಿಗಳು ಇದೇ ಕೆಲಸವನ್ನು ಮೊದಲಿನಿಂದಲೂ ಮಾಡುತ್ತ ಬಂದಿವೆ ಎಂಬುದು ಕುತೂಹಲದ ಸಂಗತಿ. ಎಪ್ಪತ್ತರ ದಶಕದಲ್ಲಿ ಮೀಗೋ ಎಂಬ ಕಂಪೆನಿ ಎಂಟು ಇಂಚಿನ ಒಂದೇ ಮಾದರಿಯ ಮೈಗೆ ಬೇರೆ ಬೇರೆ ತಲೆ ಕೂರಿಸಿ, ಬಟ್ಟೆ ಬದಲಿಸಿ ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಸ್ಟಾರ್ ಟ್ರೆಕ್ ಪಾತ್ರಗಳನ್ನೆಲ್ಲ ಮಾರಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಟೆಲ್‌ನ ಹೀ-ಮ್ಯಾನ್ ಸರಣಿಯಲ್ಲಿ ಮಹಾನಾಯಕನೂ ಖಳರೂ ಎಷ್ಟೋ ಅಂಗಗಳನ್ನು ಒಂದೇ ಅಚ್ಚಿನಿಂದ ಹಂಚಿಕೊಂಡಿದ್ದರು. ಹೀ-ಮ್ಯಾನ್‌ನ ಮೊದಲ ಮಾದರಿಗಳೇ ಬಿಗ್ ಜಿಮ್ ಎಂಬ ಹಳೆಯ ಗೊಂಬೆಯ ಮೈಗೆ ಜೇಡಿಮಣ್ಣು ಮೆತ್ತಿ ಮಾಡಿದವು. ಒಂದು ಉಕ್ಕಿನ ಅಚ್ಚಿಗೆ ಆಗುವ ಖರ್ಚು ದೊಡ್ಡದು. ಆದ್ದರಿಂದ ಮೈ ಉಳಿಸಿಕೊಂಡು ತಲೆ ಬದಲಿಸುವುದು ಲಾಭದ ದಾರಿ. ಕಂಪೆನಿ ಮಾಡಿದರೆ ಹೊಸ ಪಾತ್ರ, ಮಗು ಮಾಡಿದರೆ ಹಾಳು!

ಈ ಇಬ್ಬಗೆಯನ್ನು ಅಚ್ಚುಕಟ್ಟಾಗಿ ಅಡಗಿಸಿಟ್ಟ ಒಂದು ಚಲನಚಿತ್ರವೂ ಇದೆ. 1995ರಲ್ಲಿ ಬಂದ ಪಿಕ್ಸಾರ್‌ನ 'ಟಾಯ್ ಸ್ಟೋರಿ'. ಗೊಂಬೆಗಳು ಜೀವ ತಳೆದು ಮಾತನಾಡುವ ಸೊಗಸಾದ ಚಿತ್ರ, ಅನುಮಾನವಿಲ್ಲ. ಅದರಲ್ಲಿ ಸಿಡ್ ಎಂಬ ಪಕ್ಕದ ಮನೆಯ ಹುಡುಗ ಖಳ. ತಂಗಿಯ ಗೊಂಬೆಯ ತಲೆ ಕಿತ್ತು ಅದಕ್ಕೆ ಹಾರುವ ಹಲ್ಲಿಯೊಂದರ ತಲೆ ಕೂರಿಸುತ್ತಾನೆ. ಮಗುಗೊಂಬೆಯ ಬೋಳು ತಲೆಯನ್ನು ಕಬ್ಬಿಣದ ಜೇಡರ ಕಾಲುಗಳ ಮೇಲೆ ನಿಲ್ಲಿಸುತ್ತಾನೆ. ನಿಜ, ಅವನು ತಂಗಿಯನ್ನು ಅಳಿಸುತ್ತಾನೆ, ಗೊಂಬೆಗಳಿಗೆ ಪಟಾಕಿ ಕಟ್ಟುತ್ತಾನೆ, ಅದನ್ನು ಸಮರ್ಥಿಸಬೇಕಿಲ್ಲ. ಆದರೆ ಇಡೀ ಚಿತ್ರದಲ್ಲಿ ಇಲ್ಲದ ಆಟಿಕೆಯೊಂದನ್ನು ಸ್ವಂತ ಕೈಯಿಂದ ಕಟ್ಟುವ ಮಗು ಅವನೊಬ್ಬನೇ. ನಾಯಕನಾದ ಆಂಡಿ ಆಟಿಕೆಯ ಬುಡದಲ್ಲಿ ತನ್ನ ಹೆಸರು ಬರೆದು, ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದಹಾಗೆ ಪ್ರೀತಿಸುತ್ತಾನೆ. ಸಿಡ್‌ನ ವಿಕಾರ ಗೊಂಬೆಗಳು ಕೊನೆಗೆ ಕರುಣಾಳುಗಳೆಂದು ತಿಳಿಯುತ್ತದೆ. ಅವುಗಳು ತೋರುವ ಕರುಣೆ ಎಂದರೆ ತಂಗಿಯ ಗೊಂಬೆಗೆ ಅದರದೇ ತಲೆಯನ್ನು ಮರಳಿ ಕೂರಿಸುವುದು, ಕಳಚಿದ ತೋಳನ್ನು ಸ್ವಸ್ಥಾನಕ್ಕೆ ಸೇರಿಸುವುದು. ಎಲ್ಲವೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹಿಂತಿರುಗಬೇಕು. 2010ರಲ್ಲಿ ಬಂದ ಮೂರನೆಯ ಭಾಗದಲ್ಲಿ ಸಿಡ್ ಕಸ ಸಾಗಿಸುವವನಾಗಿ ಒಂದು ಕ್ಷಣ ಕಾಣಿಸಿಕೊಳ್ಳುತ್ತಾನೆ. ನೋಡುವವರು ನಗುತ್ತಾರೆ. ನನಗೇನೋ ಆ ನಗು ಹಿಡಿಸಲಿಲ್ಲ.

ತಲೆಗೆ ಬದಲು ಧ್ವನಿಯನ್ನೇ ಅದಲು ಬದಲು ಮಾಡಿದವರ ಪ್ರಸಂಗ ಇಲ್ಲಿ ನೆನಪಾಗುತ್ತದೆ. 1993ರಲ್ಲಿ ಅಮೆರಿಕದ 'ಬಾರ್ಬಿ ಲಿಬರೇಶನ್ ಆರ್ಗನೈಸೇಶನ್' ಎಂಬ ಗುಂಪು ಅಂಗಡಿಯಿಂದ ಮಾತಾಡುವ ಬಾರ್ಬಿಗಳನ್ನೂ ಮಾತಾಡುವ ಜಿ.ಐ. ಜೋಗಳನ್ನೂ ಕೊಂಡು ತಂದು, ಒಳಗಿನ ಧ್ವನಿಯ ಬಿಲ್ಲೆಗಳನ್ನು ಬದಲಿಸಿ, ಗುಟ್ಟಾಗಿ ಮತ್ತೆ ಅಂಗಡಿಯ ಕಪಾಟಿಗೇ ಸೇರಿಸಿತು. ಕ್ರಿಸ್‌ಮಸ್‌ಗೆ ಉಡುಗೊರೆ ಬಿಚ್ಚಿದ ಮಕ್ಕಳ ಮುಂದೆ ಸೈನಿಕ ಬಟ್ಟೆಬರೆಯ ಖರೀದಿಯ ಬಗ್ಗೆ ಹೆಣ್ಣುದನಿಯಲ್ಲಿ ಉಲಿದರೆ, ಬಾರ್ಬಿ ಸೇಡಿನ ಮಾತನ್ನು ಗುಡುಗಿದಳು. ಹಿಂದಿನ ವರ್ಷವಷ್ಟೇ ಗಣಿತದ ತರಗತಿ ಕಷ್ಟವೆಂದು ಬಾರ್ಬಿಯ ಬಾಯಲ್ಲಿ ಹೇಳಿಸಿ ಮ್ಯಾಟೆಲ್ ಟೀಕೆಗೆ ಗುರಿಯಾಗಿತ್ತು. ಹುಡುಗನ ಆಟಿಕೆಗೂ ಹುಡುಗಿಯ ಆಟಿಕೆಗೂ ನಡುವಿನ ಗೋಡೆ ಎಷ್ಟು ತೆಳ್ಳಗೆ ಎಂಬುದನ್ನು ಯಾವ ಭಾಷಣವೂ ಇಷ್ಟು ಚೆನ್ನಾಗಿ ತೋರಿಸಲಾರದು. 'ಆಕ್ಷನ್ ಫಿಗರ್' ಎಂಬ ಪದವೂ ಆ ಗೋಡೆಯ ಒಂದು ಇಟ್ಟಿಗೆಯೇ. 1964ರಲ್ಲಿ ಹ್ಯಾಸ್ಬ್ರೋ ಜಿ.ಐ. ಜೋವನ್ನು ತಂದಾಗ ಹುಡುಗರು ಗೊಂಬೆ ಕೊಳ್ಳಲಾರರೆಂಬ ಭಯದಿಂದ ಈ ಹೆಸರು ಹುಟ್ಟಿತು.

ಆ ಮೊದಲ ಜೋಗೆ ಬಲಗೆನ್ನೆಯ ಮೇಲೊಂದು ಗಾಯದ ಗುರುತಿತ್ತು. ಮನುಷ್ಯನ ಆಕಾರಕ್ಕೆ ಯಾರೂ ಹಕ್ಕುಸ್ವಾಮ್ಯ ಪಡೆಯಲಾಗದು. ಆದ್ದರಿಂದ ನಕಲು ಮಾಡಿದವರನ್ನು ಹಿಡಿಯಲು ಈ ಗುರುತು. 1965ರಲ್ಲಿ ಕರಿಯ ಸೈನಿಕನನ್ನು ತಂದರು. ಅವನಿಗೆ ಬೇರೆ ಮುಖ ಕೆತ್ತುವ ಗೋಜಿಗೆ ಹೋಗದೆ ಅದೇ ಬಿಳಿಯನ ತಲೆಗೆ ಕಂದು ಬಣ್ಣ ಬಳಿದರು. ಗಾಯವೂ ಅದೇ. 1967ರಲ್ಲಿ ಮ್ಯಾಟೆಲ್ ಕರಿಯ ಫ್ರಾನ್ಸಿಯನ್ನು ತಂದಾಗಲೂ ಇದೇ ಕತೆ: ಬಿಳಿಯ ಫ್ರಾನ್ಸಿಯ ಅಚ್ಚು, ಬೇರೆ ಬಣ್ಣ. 1966ರಲ್ಲಿ ಹ್ಯಾಸ್ಬ್ರೋ ಲೋಕದ ಸೈನಿಕರೆಂಬ ಸರಣಿ ಹೊರಡಿಸಿತು. ಜರ್ಮನ್, ರಷ್ಯನ್, ಫ್ರೆಂಚ್, ಬ್ರಿಟಿಷ್, ಆಸ್ಟ್ರೇಲಿಯನ್ ಐವರಿಗೂ ಒಂದೇ ತಲೆ. ಜಪಾನಿಯೊಬ್ಬನಿಗೆ ಮಾತ್ರ ಬೇರೆ ತಲೆ ಕೆತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯೂ ಜಪಾನೂ ಅಮೆರಿಕದ ಶತ್ರುಗಳೇ. ಆದರೂ ಜರ್ಮನ್ ಶತ್ರು ಮಿತ್ರರೊಡನೆ ಮುಖ ಹಂಚಿಕೊಳ್ಳಬಹುದಾಗಿತ್ತು. ಏಷ್ಯಾದ ಶತ್ರುವಿಗೆ ಆ ಸೌಕರ್ಯವಿರಲಿಲ್ಲ. ಯಾರಿಗೆ ಪ್ರತ್ಯೇಕ ತಲೆ ಬೇಕು, ಯಾರಿಗೆ ಬೇಡ ಎಂಬ ತೀರ್ಮಾನ ಲೆಕ್ಕಪತ್ರದ ಕೋಣೆಯಲ್ಲಿ ನಡೆದರೂ ಅದರಲ್ಲಿ ಒಂದು ಲೋಕದೃಷ್ಟಿ ಇರುತ್ತದೆ.

ವಿಯೆಟ್ನಾಂ ಯುದ್ಧ ಅಮೆರಿಕದ ಮನೆಗಳಲ್ಲಿ ಕಹಿಯಾದಾಗ ಸೈನಿಕನ ಗೊಂಬೆ ಕೊಳ್ಳುವವರು ಕಡಿಮೆಯಾದರು. 1970ರಲ್ಲಿ ಹ್ಯಾಸ್ಬ್ರೋ ಜೋವನ್ನು ಸೈನ್ಯದಿಂದ ಬಿಡಿಸಿ ಸಾಹಸಿಗರ ತಂಡಕ್ಕೆ ಸೇರಿಸಿತು. ಮೈ ಹಾಗೆಯೇ ಉಳಿಯಿತು. ತಲೆಗೆ ಮಖಮಲ್ಲಿನಂಥ ಕೂದಲು ಬಂತು, ಮುಖಕ್ಕೆ ಗಡ್ಡ ಬಂತು. ಗಡ್ಡ ಬಂದದ್ದೇ ಅವನು ನಿಧಿ ಹುಡುಕುವವನಾದ, ಕಾಡುಮೃಗ ಹಿಡಿಯುವವನಾದ. ಅಂದರೆ ಆ ಕಾಲದ ಅಮೆರಿಕದಲ್ಲಿ ಗಡ್ಡವು ಯುದ್ಧದ ನೆನಪನ್ನು ಅಳಿಸುವ ಸಾಧನವಾಗಿತ್ತು!

ಇದೇ ಗಡ್ಡ 35 ವರ್ಷಗಳಲ್ಲಿ ಎಲ್ಲಿಗೆ ಬಂದು ನಿಂತಿತು ನೋಡಿ. ಜಿ.ಐ. ಜೋವನ್ನು ರೂಪಿಸಿದ ಹ್ಯಾಸ್ಬ್ರೋದ ಅಧಿಕಾರಿ ಡೊನಾಲ್ಡ್ ಲೆವಿನ್ 2014ರ ಮೇ ತಿಂಗಳಲ್ಲಿ ತೀರಿಕೊಂಡರು. ಮರುತಿಂಗಳು 'ವಾಷಿಂಗ್ಟನ್ ಪೋಸ್ಟ್' ಒಂದು ವರದಿ ಪ್ರಕಟಿಸಿತು. ಸುಮಾರು 2005ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಸಾಮ ಬಿನ್ ಲಾದೆನ್‌ನ ಒಂದು ಅಡಿ ಎತ್ತರದ ಗೊಂಬೆಯೊಂದನ್ನು ಗುಟ್ಟಾಗಿ ತಯಾರಿಸಲು ಹೊರಟು, ಲೆವಿನ್ ಅವರ ನೆರವು ಪಡೆದಿತ್ತು. ಗೊಂಬೆಯ ಮುಖಕ್ಕೆ ಶಾಖ ತಾಕಿದರೆ ಕರಗುವ ಬಣ್ಣ. ಮಗು ಬಿಸಿಲಿನಲ್ಲಿ ಆಡುತ್ತಿದ್ದ ಹಾಗೆ ಬಣ್ಣ ಸುಲಿದು, ಒಳಗಿನಿಂದ ಕೆಂಪು ಚರ್ಮದ, ಹಸಿರು ಕಣ್ಣಿನ, ಕಪ್ಪು ಗೆರೆಗಳ ದೆವ್ವದ ಮುಖ ಹೊರಬರಬೇಕು. ಅದನ್ನು ನೋಡಿ ಮಕ್ಕಳೂ ತಂದೆತಾಯಿಯರೂ ಹೆದರಿ ಒಸಾಮನಿಂದ ದೂರ ಸರಿಯಬೇಕು ಎಂಬುದು ಯೋಜನೆ. 'ದೆವ್ವದ ಕಣ್ಣು' ಎಂಬುದೇ ಅದರ ಗುಪ್ತನಾಮ. ಮೂರು ಮಾದರಿಗಳನ್ನಷ್ಟೇ ಮಾಡಿ ಕೈಬಿಟ್ಟೆವು ಎಂದು ಸಿಐಎ ಹೇಳಿತು. ನೂರಾರು ಗೊಂಬೆಗಳು 2006ರಲ್ಲಿ ಕರಾಚಿಗೆ ಹೋದವೆಂದು ಅದೇ ವರದಿಯಲ್ಲಿ ಇನ್ನೊಬ್ಬರು ಹೇಳಿದ್ದರು.

ಈ ಗೊಂಬೆಯನ್ನು ಒಂದು ಕೃತಿಯೆಂದು ತೆಗೆದುಕೊಂಡು ವಿಮರ್ಶಿಸಿದರೂ ಅದು ಸೋತ ಕೃತಿ. ಒಸಾಮನ ಕೃತ್ಯಗಳಿಂದ ಸತ್ತವರ ಲೆಕ್ಕ ಲೋಕದ ಮುಂದಿತ್ತು. ಅವನನ್ನು ಮನುಷ್ಯನ ಮುಖದಲ್ಲೇ ತೋರಿಸಿ, ಮನುಷ್ಯನೇ ಇದನ್ನು ಮಾಡಿದ ಎಂದು ಹೇಳಿದ್ದರೆ ಅದಕ್ಕೊಂದು ತೂಕವಿರುತ್ತಿತ್ತು. ಮುಖ ಸುಲಿದು ದೆವ್ವವನ್ನು ತೋರಿಸಿದೊಡನೆ ಅವನು ಹೊಣೆಗಾರಿಕೆಯಿಂದ ಪಾರಾಗುತ್ತಾನೆ. ದೆವ್ವಕ್ಕೆ ಯಾರು ಲೆಕ್ಕ ಕೇಳುತ್ತಾರೆ? ಅದೂ ಅಲ್ಲದೆ, ದೆವ್ವ ಹೊರಬರುವ ಮೊದಲು ಆ ಮಗುವಿನ ಕೈಯಲ್ಲಿದ್ದದ್ದು ಅದರ ಅಜ್ಜನ ಹಾಗೆ, ಬೀದಿಯ ಅಂಗಡಿಯವನ ಹಾಗೆ ಗಡ್ಡ ಮತ್ತು ಮುಂಡಾಸಿನ ಮುಖ. ಅಂಥ ಮುಖದ ಒಳಗೆ ದೆವ್ವವಿದೆ ಎಂಬ ಪಾಠವನ್ನು ಮಗು ಯಾರಿಗೆ ಅನ್ವಯಿಸಿಕೊಳ್ಳಬೇಕು?

ಆ ವರ್ಷಗಳಲ್ಲಿ ತಲೆಗಳ ವ್ಯಾಪಾರ ಎರಡೂ ಕಡೆ ನಡೆದಿತ್ತು. 2003ರ ಮೇ 1ರಂದು ಅಧ್ಯಕ್ಷ ಬುಷ್ ವೈಮಾನಿಕನ ಉಡುಪಿನಲ್ಲಿ ಯುದ್ಧನೌಕೆಯ ಮೇಲಿಳಿದು ಇರಾಕ್‌ನಲ್ಲಿ ಪ್ರಮುಖ ಕಾರ್ಯಾಚರಣೆ ಮುಗಿಯಿತೆಂದರು. ಕೆಲವೇ ತಿಂಗಳಲ್ಲಿ ಬ್ಲೂ ಬಾಕ್ಸ್ ಕಂಪೆನಿ ತನ್ನ 'ಎಲೀಟ್ ಫೋರ್ಸ್' ಸೈನಿಕ ಗೊಂಬೆಗಳ ಸಾಲಿಗೆ ಬುಷ್ ತಲೆಯ ವೈಮಾನಿಕನೊಬ್ಬನನ್ನು ಸೇರಿಸಿತು. ವೀರನ ಮೈಗೆ ರಾಜಕಾರಣಿಯ ತಲೆ. ಬುಷ್ ನೌಕೆಯ ಮೇಲೆ ಸ್ವತಃ ಮಾಡಿದ್ದೂ ಅದನ್ನೇ ಅಲ್ಲವೇ? ಗೊಂಬೆ ಮಾಡಿದವರು ಅರಿಯದೆಯೇ ಒಳ್ಳೆಯ ವ್ಯಂಗ್ಯಚಿತ್ರ ಬರೆದಿದ್ದರು.

ಅದಕ್ಕೆ ಉತ್ತರವೋ ಎಂಬಂತೆ 2005ರ ಫೆಬ್ರವರಿ 1ರಂದು ಇರಾಕ್‌ನ ಒಂದು ಗುಂಪು ಚಿತ್ರವೊಂದನ್ನು ಬಿಡುಗಡೆ ಮಾಡಿತು. ಕಪ್ಪು ಬಾವುಟದ ಮುಂದೆ ಅಮೆರಿಕದ ಸೈನಿಕ ಕೂತಿದ್ದಾನೆ, ತಲೆಯ ಬಳಿ ಬಂದೂಕು. ಹೆಸರು ಜಾನ್ ಆ್ಯಡಮ್. 72 ಗಂಟೆಗಳೊಳಗೆ ತಮ್ಮವರನ್ನು ಬಿಡದಿದ್ದರೆ ಇವನ ಶಿರಚ್ಛೇದ ಎಂಬ ಬೆದರಿಕೆ. ಸುದ್ದಿಸಂಸ್ಥೆಗಳು ಅದನ್ನು ಜಗತ್ತಿಗೆ ಹಂಚಿದವು. ತಮ್ಮ ಯಾವ ಸೈನಿಕನೂ ಕಾಣೆಯಾಗಿಲ್ಲ ಎಂದಿತು ಅಮೆರಿಕದ ಸೈನ್ಯ. ಆಮೇಲೆ ಆಟಿಕೆ ಕಂಪೆನಿ ಡ್ರ್ಯಾಗನ್ ಮಾಡೆಲ್ಸ್‌ನವರು ಚಿತ್ರದಲ್ಲಿರುವುದು ತಮ್ಮ 'ಸ್ಪೆಷಲ್ ಆಪ್ಸ್ ಕೋಡಿ' ಗೊಂಬೆಯಂತಿದೆ ಎಂದರು. ಕುವೈತ್‌ನ ಅಮೆರಿಕನ್ ಸೇನಾನೆಲೆಗಳಲ್ಲಿ ಸೈನಿಕರಿಗೆಂದು ಮಾರುತ್ತಿದ್ದ ಗೊಂಬೆ ಅದು. ಲೋಕ ನಕ್ಕಿತು. ಆದರೆ ಆ ಹೊತ್ತಿಗೆ ಇರಾಕ್‌ನಲ್ಲಿ ನಿಜವಾದ ಮನುಷ್ಯರ ತಲೆಗಳು ಉರುಳಿದ್ದವು. ಬಿಸಿನೀರಿನಲ್ಲಿ ಅದ್ದಿ ತೆಗೆದು ಮತ್ತೆ ಕೂರಿಸಬಹುದಾದ ತಲೆ ಕೋಡಿಗೆ ಮಾತ್ರ ಇತ್ತು. ಜಗತ್ತು ಆ ಗೊಂಬೆಯ ಮುಖದಲ್ಲಿ ಮಗನನ್ನು, ಗಂಡನನ್ನು ಕಂಡು ಕೆಲವು ತಾಸು ತಲ್ಲಣಿಸಿತಲ್ಲ, ಅದೇ ತಾಸುಗಳಲ್ಲಿ ಸತ್ತ ಇರಾಕಿಗಳಲ್ಲಿ ಎಷ್ಟು ಜನರ ಮುಖ ನಮ್ಮ ಪತ್ರಿಕೆಗಳಲ್ಲಿ ಅಚ್ಚಾಯಿತು?

ಕನ್ನಡದ ಓದುಗರಿಗೆ ತಲೆ ಅದಲು ಬದಲಾಗುವ ಕತೆ ಹೊಸದಲ್ಲ. ಗಿರೀಶ್ ಕಾರ್ನಾಡರ 'ಹಯವದನ' ನಿಂತಿರುವುದೇ ಅದರ ಮೇಲೆ. ಬೇತಾಳ ಕತೆಯಲ್ಲಿ ಹುಟ್ಟಿ, ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಬರೆದ ಕಾದಂಬರಿಯನ್ನು ಹಾದು ಕಾರ್ನಾಡರಿಗೆ ಬಂದ ವಸ್ತು. ಪದ್ಮಿನಿ ಕಾಳಿಯ ಗುಡಿಯ ಕತ್ತಲಲ್ಲಿ ದೇವದತ್ತ ಕಪಿಲರ ತಲೆಗಳನ್ನು ಅದಲು ಬದಲಾಗಿ ಕೂರಿಸುತ್ತಾಳೆ. ಅಂಗಗಳಲ್ಲಿ ತಲೆಯೇ ಹಿರಿದೆಂದು ಋಷಿ ತೀರ್ಪು ಕೊಡುತ್ತಾನೆ. ದಿನ ಕಳೆದಂತೆ ಮೈ ತಲೆಯ ದಾರಿಗೆ ಬರುತ್ತದೆ. ದೇವದತ್ತನ ಅಂಗೈ ಒರಟಾಗಿದ್ದದ್ದು ಮೆತ್ತಗಾಯಿತೆಂದು ಮೊದಲು ಗಮನಿಸುವುದು ಯಾರು? ಮಗುವಿಗೆಂದು ಜಾತ್ರೆಯಿಂದ ತಂದ ಎರಡು ಗೊಂಬೆಗಳು. ನಾಟಕದ ಎಲ್ಲ ಪಾತ್ರಗಳಿಗಿಂತ ಆ ಗೊಂಬೆಗಳ ಕಣ್ಣು ಚುರುಕು.

ಪ್ಲಾಸ್ಟಿಕ್ ಗೊಂಬೆಯಲ್ಲಿ ಈ ತೀರ್ಪು ತಿರುಗುಮುರುಗಾಗುತ್ತದೆ. ಇಲ್ಲಿ ಅಂಗೈ ಬದಲಾಗುವುದಿಲ್ಲ. ಸೈನಿಕ ಗೊಂಬೆಯ ಬೆರಳುಗಳನ್ನು ನೋಡಿ: ಅವು ಬಂದೂಕಿನ ಹಿಡಿಗೆಂದೇ ಬಾಗಿವೆ, ಒಂದು ಬೆರಳು ಕುದುರೆ ಎಳೆಯಲು ಚಾಚಿದೆ. ಅದಕ್ಕೆ ವಿಜ್ಞಾನಿಯ ತಲೆ ಇಡಿ, ಕವಿಯ ತಲೆ ಇಡಿ, ಕೈ ಬಂದೂಕನ್ನೇ ಹುಡುಕುತ್ತದೆ. ತಲೆ ಬದಲಿಸುವ ಹವ್ಯಾಸಿಗಳ ಕೆಲಸದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು. ಕಣ್ಣಿನ ಹೊಳಪಿಗೆ, ಕೆನ್ನೆಯ ನೆರಳಿಗೆ ವಾರಗಟ್ಟಲೆ ಶ್ರಮಿಸುವವರು ಕೈಯ ಬಗ್ಗೆ ಯೋಚಿಸುವುದು ಅಪರೂಪ. 'ನಮ್ಮ ಮುಖದ ಗೊಂಬೆ ಯಾಕಿಲ್ಲ' ಎಂದು ಕೇಳುವ ಸಮುದಾಯಗಳೂ ಇದನ್ನು ಗಮನಿಸಬೇಕು. ಅದೇ ಸೈನಿಕನ ಮೈಗೆ ನಮ್ಮ ತಲೆಯೊಂದನ್ನು ಕೂರಿಸಿ ಕೊಟ್ಟರೆ ನಮಗೆ ಸಿಕ್ಕಿದ್ದೇನು?

ಇದಕ್ಕೆ ಹೋಲಿಸಿದರೆ ಇಬ್ತಿಹಾಜ್ ಮುಹಮ್ಮದ್ ಬಾರ್ಬಿ ವಿಚಾರ ಮಾಡಬೇಕಾದ ಉದಾಹರಣೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ತೊಟ್ಟು ಅಮೆರಿಕದ ಪರ ಕತ್ತಿವರಸೆಯಲ್ಲಿ ಸ್ಪರ್ಧಿಸಿ ತಂಡದ ಕಂಚು ಗೆದ್ದ ಕ್ರೀಡಾಪಟು ಆಕೆ. 2017ರಲ್ಲಿ ಮ್ಯಾಟೆಲ್ ಆಕೆಯ ಗೊಂಬೆಯನ್ನು ಘೋಷಿಸಿದಾಗ ಪತ್ರಿಕೆಗಳೆಲ್ಲ ತಲೆಯ ಮೇಲಿನ ಬಟ್ಟೆಯನ್ನೇ ಸುದ್ದಿ ಮಾಡಿದವು. ಆಕೆ ಮಾತ್ರ ಗೊಂಬೆಯ ಗಟ್ಟಿಮುಟ್ಟಾದ ಕಾಲುಗಳ ಬಗ್ಗೆ ಸಂತೋಷಪಟ್ಟು ಮಾತಾಡಿದರು. ಕತ್ತಿವರಸೆಯವರ ತೊಡೆ ಬಾರ್ಬಿಯ ಕಡ್ಡಿಕಾಲಿನಂತಿದ್ದರೆ ಆಗುತ್ತದೆಯೇ? ಮಾರಾಟದ ಲೆಕ್ಕಾಚಾರ ಅಲ್ಲಿಯೂ ಇದೆ, ಇಲ್ಲವೆನ್ನಲಾರೆ. ಆದರೂ ಮುಖದ ಜೊತೆ ಮೈಯನ್ನೂ ಕೇಳಿ ಪಡೆದ ಗೊಂಬೆ ಅದು.

ನನ್ನ ಅಳಿಯನ ಆ ಇಬ್ಬರು ಜೋಗಳ ಕತೆ ಹೇಳುವುದು ಉಳಿದಿದೆ. ಆ ಪುಟ್ಟ ಗೊಂಬೆಗಳ ಹೆಬ್ಬೆರಳು ಬೇಗ ಮುರಿಯುತ್ತದೆ. ಇದು ಸಂಗ್ರಾಹಕರೆಲ್ಲರ ಗೋಳು. ಹುಡುಗ ಪೆನ್ಸಿಲಿನ ತುಂಡೊಂದನ್ನು ಕೈಗೆ ತುರುಕಲು ಹೋಗಿ ಒಬ್ಬನ ಹೆಬ್ಬೆರಳು ಮುರಿದ. ಅಲ್ಲಿಗೆ ಬಂದೂಕು ನಿಲ್ಲದಾಯಿತು. ಮುಂದಿನ ಸಲ ನಾನು ಹೋದಾಗ ಆ ತಲೆ ಬದಲಾದ ಸೈನಿಕ ಬೆಂಕಿಪೆಟ್ಟಿಗೆಗಳಿಂದ ಕಟ್ಟಿದ ಶಾಲೆಯೊಂದರ ಬಾಗಿಲಲ್ಲಿ ನಿಂತಿದ್ದ. ಮೇಲೆ ನೂಲಿನಲ್ಲಿ ಒಂದು ಗೆಜ್ಜೆ ತೂಗುತ್ತಿತ್ತು.

"ಇವನೇನು ಮಾಡ್ತಾನೆ?" ಎಂದು ಕೇಳಿದೆ.

"ಬೆಲ್ ಹೊಡೀತಾನೆ ಮಾಮ. ಅದಕ್ಕೆ ಹೆಬ್ಬೆರಳು ಬೇಡ."